ಚಂದ್ರನಿಗೆ ಕಳಿಸುವ ಅಜ್ಜಿ

ಜುಲೈ 8, ಮಂಗಳವಾರ

ಕನ್ನಡ ಬರೆದು ಬರೆದು ಕೈ ಪಳಗಲಿ ಎಂದು ಈ ದಿನಚರಿ. ಬೇರೆ ಉದ್ದೇಶವಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಇಂಗ್ಲಿಷನ್ನೇ ಕಲಿಸುತ್ತ ಬಂದವಳಿಗೆ ಈಗ ಕನ್ನಡ ನಾಟಕ ಬರೆಯುವ ಕೆಲಸ ಬಂದಿದೆ. ಕೀರ್ತಿಕುಮಾರ್ ಸರ್ ಕರೆದು, "ಮಾಲತಿ ಮಿಸ್, ಆಗಸ್ಟ್ ಇಪ್ಪತ್ಮೂರಕ್ಕೆ ಬಾಹ್ಯಾಕಾಶ ದಿನ. ಥರ್ಮಾಕೋಲ್ ರಾಕೆಟ್ ನೋಡಿ ನೋಡಿ ಸಾಕಾಗಿದೆ. ಏನಾದ್ರೂ ಬೇರೆ ಕೊಡಿ. ಕನ್ನಡದಲ್ಲೇ ಇರ್ಲಿ, ಪೇರೆಂಟ್ಸ್‌ಗೆ ಅರ್ಥ ಆಗ್ಬೇಕು" ಎಂದರು. ಪ್ರಿನ್ಸಿಪಾಲರಿಗೆ ಇಲ್ಲ ಎನ್ನುವುದು ನನಗೆ ಯಾವತ್ತೂ ಬಂದಿಲ್ಲ.

ರಾಕೆಟ್ ಹುಟ್ಟುವ ಮುಂಚೆ ಜನ ಕಥೆಗಳಲ್ಲಿ ಚಂದ್ರನಿಗೆ ಹೇಗೆ ಹೋಗುತ್ತಿದ್ದರು? ಇದನ್ನೇ ಮಾಡೋಣ ಎನ್ನಿಸಿತು. ಏಳನೇ ಕ್ಲಾಸಿನಲ್ಲಿ ಹೇಳಿ ನೋಡಿದೆ. ಸಾವಿರದ ಎಂಟುನೂರು ವರ್ಷಕ್ಕೂ ಹಿಂದೆ ಗ್ರೀಕ್ ಭಾಷೆಯ ಒಬ್ಬ ಹಾಸ್ಯಗಾರ, ಹಡಗನ್ನು ಸುಂಟರಗಾಳಿಗೆ ಸಿಕ್ಕಿಸಿ ಸೀದಾ ಚಂದ್ರನ ಮೇಲೆ ಇಳಿಸಿದ. ಬಹಳ ಕಾಲದ ಮೇಲೆ ಇನ್ನೊಬ್ಬ, ಕಾಡುಬಾತುಗಳನ್ನು ಒಂದು ಚೌಕಟ್ಟಿಗೆ ಕಟ್ಟಿ ತನ್ನ ನಾಯಕನನ್ನು ಹಾರಿಸಿದ. ಮತ್ತೊಬ್ಬನ ನಾಯಕ ಸೀಸೆಗಳಲ್ಲಿ ಇಬ್ಬನಿ ತುಂಬಿ ಮೈಗೆಲ್ಲ ಕಟ್ಟಿಕೊಂಡು ಹೊರಟ. ಬಿಸಿಲೇರಿದರೆ ಇಬ್ಬನಿ ಮೇಲೇಳುತ್ತದಲ್ಲ, ಅದರ ಜೊತೆ ಇವನೂ.

"ಮಿಸ್, ನಮ್ಮೂರಲ್ಲಿ ಇಬ್ಬನಿಗೇನು ಬರಗಾಲವಾ? ಹಂಗಾದ್ರೆ ಡಿಸೆಂಬರಲ್ಲಿ ಇಡೀ ವಿರಾಜಪೇಟೆ ಹಾರ್ಬೇಕಿತ್ತು" ಎಂದಳು ಹಂಸಿಕಾ. ಕ್ಲಾಸು ನಕ್ಕಿತು. ನಾನೂ ನಕ್ಕೆ.

ಮನೆಗೆ ಬರುವಾಗ ಅದೇ ಯೋಚನೆ. ಅವರಾರಿಗೂ ಎಂಜಿನ್ ಎಂಬುದು ಗೊತ್ತಿರಲಿಲ್ಲ. ಸುತ್ತಮುತ್ತ ಏನಿತ್ತೋ ಅದನ್ನೇ ಹತ್ತಿ ಹೊರಟರು. ನಮ್ಮ ಸುತ್ತಮುತ್ತ ಏನಿದೆ?

ಜುಲೈ 13, ಭಾನುವಾರ

ಬೆಳಿಗ್ಗೆಯೇ ಗೇಟಿನ ಸದ್ದು. ಅಮ್ಮನ ಭಾನುವಾರದ ಜನ. ಸರ್ಪಸುತ್ತು ಆದವರಿಗೆ ಅಮ್ಮ ಯಾವುದೋ ಸೊಪ್ಪು ಅರೆದು ಕೆಮ್ಮಣ್ಣಿನ ಜೊತೆ ಹಚ್ಚುತ್ತಾಳೆ. ಅಜ್ಜಿಯಿಂದ ಬಂದ ವಿದ್ಯೆ. ದುಡ್ಡು ಮುಟ್ಟುವುದಿಲ್ಲ. ಅಪ್ಪನಿಗೆ ಇಲ್ಲಿಗೆ ವರ್ಗವಾಗಿ ನಾವು ಬಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಇಷ್ಟು ವರ್ಷವಾದರೂ ಈ ಬೀದಿಗೆ ಅಮ್ಮ "ಕೊಡ್ಲಿಪೇಟೆ ವಿಮಲಮ್ಮ"ನೇ.

ಆ ಜನ ಬಂದಾಗ ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂರುತ್ತೇನೆ. ಸರ್ಪಸುತ್ತು ವೈರಸ್ಸಿನಿಂದ ಬರುವುದು, ಸಾಮಾನ್ಯವಾಗಿ ಕೆಲವು ವಾರಕ್ಕೆ ತಾನೇ ಒಣಗುತ್ತದೆ ಎಂದು ಅಮ್ಮನಿಗೆ ಹೇಳಿದ್ದೇನೆ. "ಒಣಗ್ಲಿ ಬುಡು. ಅಲ್ಲಿಗಂಟ ಉರಿ ತಡ್ಕಳ್ಳೋರು ಯಾರು, ನೀನಾ?" ಎನ್ನುತ್ತಾಳೆ. ಜನ ಕೈಗುಣ ಎನ್ನುತ್ತಾರೆ. ಆ ಮಾತಿಗೆ ನನಗೆ ಇಂಗ್ಲಿಷಿನಲ್ಲಿ ಸಮನಾದ ಪದ ಸಿಕ್ಕಿಲ್ಲ. ಇಲ್ಲದ ವಸ್ತುವಿಗೆ ಪದ ಯಾಕೆ ಎಂದು ಹುಡುಕುವುದನ್ನು ಬಿಟ್ಟಿದ್ದೇನೆ.

ನಾಟಕಕ್ಕೆ ದಾರಿ ಸಿಕ್ಕಿತು. ನಾನೂರು ವರ್ಷಗಳ ಹಿಂದೆ ಒಬ್ಬ ಜರ್ಮನ್ ಖಗೋಳಜ್ಞ ಕನಸಿನ ರೂಪದಲ್ಲಿ ಒಂದು ಚಂದ್ರಯಾನ ಬರೆದ. ಮೊದಲ ವಿಜ್ಞಾನ ಕಥೆ ಇದೇ ಎಂದು ಕೆಲವರು ಹೇಳುತ್ತಾರೆ, ಕೆಲವರು ಆ ಗ್ರೀಕನದ್ದು ಎನ್ನುತ್ತಾರೆ. ನನಗೆ ತೀರ್ಪು ಕೊಡುವ ಧೈರ್ಯವಿಲ್ಲ. ಆದರೆ ಇವನಿಗೆ ಲೆಕ್ಕ ಗೊತ್ತಿತ್ತು. ಮೇಲೆ ಗಾಳಿ ತೆಳು ಎಂದು ಪ್ರಯಾಣಿಕರ ಮೂಗಿಗೆ ಒದ್ದೆ ಸ್ಪಂಜು ಹಿಡಿಸಿದ. ಹೊರಡುವ ಹೊಡೆತ ತಡೆಯಲೆಂದು ಅವರಿಗೆ ನಿದ್ದೆ ಬರುವ ಮದ್ದು ಕೊಡಿಸಿದ. ಗ್ರಹಣದ ಹೊತ್ತು ಭೂಮಿಗೂ ಚಂದ್ರನಿಗೂ ನಡುವೆ ಚಾಚುವ ನೆರಳಿದೆಯಲ್ಲ, ಅದೇ ಅವನ ದಾರಿ. ಆ ದಾರಿಯ ವಿದ್ಯೆ ಬಲ್ಲವಳು ಯಾರು? ಕಥೆ ಹೇಳುವ ಹುಡುಗನ ತಾಯಿ. ಗಿಡಮೂಲಿಕೆ ಮಾರುವ ಹೆಂಗಸು. ನೆರಳಿನಲ್ಲಿ ಓಡಾಡುವ ಶಕ್ತಿಯನ್ನು ಕರೆಯುವವಳೂ ಅವಳೇ.

ಇದನ್ನು ಓದುವಾಗ ಅಂಗಳದಲ್ಲಿ ಅಮ್ಮ ಯಾರಿಗೋ, "ಕಣ್ ಮುಚ್ಚು ಮಗಾ, ಉರಿ ಹೊಯ್ತದೆ" ಎನ್ನುತ್ತಿದ್ದಳು. ನಾಟಕದ ಅಜ್ಜಿ ಅಲ್ಲೇ ಹುಟ್ಟಿದಳು.

ಜುಲೈ 24, ಗುರುವಾರ

ರಿಹರ್ಸಲ್ ಚೆನ್ನಾಗಿ ನಡೆಯುತ್ತಿದೆ. ಎಷ್ಟು ಚೆನ್ನಾಗಿ ಎಂದರೆ ಭಯವಾಗುವಷ್ಟು.

ಅಜ್ಜಿ ಹಂಸಿಕಾ. ಅವಳ ಮನೆ ನಮ್ಮಿಂದ ಮೂರನೆಯದು. ಅಮ್ಮನನ್ನು ಕಾಂಪೌಂಡಿನ ಮೇಲಿಂದ ನೋಡುತ್ತಲೇ ಬೆಳೆದ ಹುಡುಗಿ. ಸೊಂಟಕ್ಕೆ ಎಡಗೈ ಕೊಟ್ಟು ನಡೆಯುವುದು, ಮಾತಿನ ನಡುವೆ "ಹ್ಞೂಂ ಮತ್ತೆ" ಎನ್ನುವುದು, ಎಲ್ಲ ತಾನೇ ಸೇರಿಸಿಕೊಂಡಿದ್ದಾಳೆ. ಅಜ್ಜಿ ಮದ್ದಿನ ಪಾಯಸ ಕುಡಿಸುತ್ತಾಳೆ, ಮೊಮ್ಮಗಳು ನಿದ್ದೆ ಹೋಗುತ್ತಾಳೆ, ಗ್ರಹಣ ಹಿಡಿಯುತ್ತದೆ. ಆಗ ಅಜ್ಜಿ ಹೇಳಬೇಕು: "ನೆರಳು ಬಂತು ಮಗಾ. ಕಣ್ ಮುಚ್ಚು. ಹೊರಡು." ಇವತ್ತು ಅವಳು ಹಾಗೆಂದಾಗ ಒಂದನೇ ಕ್ಲಾಸಿನ ಒಂದು ಮಗು ಹೆದರಿ ಅತ್ತಿತು. ಕೀರ್ತಿಕುಮಾರ್ ಸರ್ ವಿಡಿಯೋ ಮಾಡಿ ಪೇರೆಂಟ್ಸ್ ಗ್ರೂಪಿಗೆ ಹಾಕಿದರು.

ಸಂಜೆ ಪಕ್ಕದ ಮನೆಯ ವನಜಮ್ಮ ಫೋನು ಹಿಡಿದುಕೊಂಡೇ ಬಂದರು. "ವಿಮಲಕ್ಕಾ, ನೀವು ಚಂದ್ರನಿಗೆ ಆಳು ಕಳಿಸ್ತೀರಂತೆ! ನಮ್ಮ ಯಜಮಾನ್ರಿಗೊಂದು ಸೀಟು ಇಡಿ ಮಾರಾಯ್ರೆ. ಒನ್‌ವೇ ಸಾಕು."

ಅಮ್ಮ ವಿಡಿಯೋ ನೋಡಿದಳು. ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಫೋನನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು. ವನಜಮ್ಮ ಹೋದ ಮೇಲೆ ಕೇಳಿದಳು, "ನಾನು ಹಿಂಗೇ ನಡಿತೀನಾ?"

"ನೀನಲ್ಲಮ್ಮ ಅದು. ಪಾತ್ರ."

"ಹ್ಞೂಂ ಮತ್ತೆ" ಎಂದಳು.

ಅಮ್ಮನನ್ನು ಕೇಳಿ ಬರೆಯಬೇಕಿತ್ತೇ? ಕೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆಗಸ್ಟ್ 2, ಶನಿವಾರ

ನಾಳೆ ಆಟಿ ಹದಿನೆಂಟು, ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಅಮ್ಮನ ಮಂಡಿ ಊದಿದೆ, ನೀರಿನ ತೋಡಿನ ಕಡೆ ಹೋಗಿ ಸೊಪ್ಪು ಕೊಯ್ಯಲು ಆಗುವುದಿಲ್ಲ. "ನಾಳೆ ಬೆಳಿಗ್ಗೆ ನಾನೇ ತರ್ತೀನಿ" ಎಂದೆ. ಅಮ್ಮನಿಗೆ ಆಶ್ಚರ್ಯ. "ನಿಂಗೆ ಗುರ್ತು ಸಿಕ್ತದಾ? ವನಜಮ್ಮನ್ನ ಕರ್ಕಂಡು ಹೋಗು."

"ಫೋನಲ್ಲಿ ಫೋಟೋ ಇದೆಯಮ್ಮ."

ನಾಟಕದ ಎರಡನೇ ದೃಶ್ಯ ಇನ್ನೂ ಕುಂಟುತ್ತಿದೆ. ಚಂದ್ರನ ಮೇಲಿನವರಿಗೆ ತಮ್ಮ ನೆಲವೇ ಅಲುಗಾಡದೆ ನಿಂತಿದೆ, ಭೂಮಿಯೇ ಗಿರಗಿರ ತಿರುಗುತ್ತಿದೆ ಎಂದು ಕಾಣುತ್ತದೆ. ಆ ಖಗೋಳಜ್ಞನ ನಿಜವಾದ ಗುರಿ ಇದೇ ಆಗಿತ್ತು. ಭೂಮಿ ತಿರುಗುತ್ತದೆ ಎಂದು ವಾದಿಸುವ ಬದಲು ಓದುಗರನ್ನು ಆಚೆ ಕಳಿಸಿ, ಅಲ್ಲಿಂದ ತಿರುಗಿ ನೋಡಿ ಎಂದ. ಇದನ್ನು ಮಕ್ಕಳ ಬಾಯಲ್ಲಿ ಸರಳವಾಗಿ ಹೇಗೆ ಹೇಳಿಸುವುದು?

ಆಗಸ್ಟ್ 3, ಭಾನುವಾರ

ಸೊಪ್ಪು ತಂದೆ. ಮಳೆ, ಜಿಗಣೆ, ಕಾಲೆಲ್ಲ ಕೆಸರು. ದೃಶ್ಯದ ಮಾತುಗಳನ್ನು ಗುನುಗಿಕೊಳ್ಳುತ್ತಲೇ ಒಂದು ಹೊರೆ ಕೊಯ್ದೆ. ಪಾಯಸಕ್ಕೆ ಯಾಕೋ ಬಣ್ಣ ಬರಲಿಲ್ಲ. ಪ್ರತಿ ವರ್ಷ ಕಡು ನೇರಳೆ, ಈ ಸಲ ತೊಳೆದ ಸೀರೆಯ ಹಾಗೆ. "ಮಳೆ ಜಾಸ್ತಿ ಆಗಿ ಸತ್ವ ಇಲ್ಲ" ಎಂದಳು ಅಮ್ಮ. ಆದರೂ ಬೀದಿಯ ಎಲ್ಲ ಮನೆಗೂ ಬಟ್ಟಲು ಹೋಯಿತು. ನಾನು ಎರಡು ಬಟ್ಟಲು ತಿಂದೆ.

ಆಗಸ್ಟ್ 4, ಸೋಮವಾರ

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ವನಜಮ್ಮ ಗೋಡೆಯ ಆಚೆಯಿಂದ ಕೂಗಿದರು. "ಮಾಲತೀ, ನಿಂದು ಕೆಂಪಾಯ್ತಾ?"

"ಇಲ್ಲ ಆಂಟಿ."

"ನಂದೂ ಇಲ್ಲ. ನಮ್ಮ ಯಜಮಾನ್ರು ಎರಡು ಸಲ ಹೋಗಿ ಟಾರ್ಚ್ ಹಾಕಿ ನೋಡ್ಕೊಂಡು ಬಂದ್ರು. ಎಂಥದೂ ಇಲ್ಲ ಮಾರಾಯ್ತಿ!"

ಬೇರೆ ಊರಿನವರು ಇದನ್ನು ಕೇಳಿದರೆ ನಮಗೆ ತಲೆ ಕೆಟ್ಟಿದೆ ಎಂದುಕೊಂಡಾರು. ಆಟಿ ತಿಂಗಳ ಹದಿನೆಂಟನೇ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದಂತೆ. ಪಾಯಸ ತಿಂದ ಮರುದಿನ ಮೂತ್ರ ಕೆಂಪಗೆ ಹೋಗಬೇಕು. ಹೋದರೆ ಮದ್ದು ಮೈಗೆ ಹಿಡಿಯಿತು ಎಂದು ಅರ್ಥ. ಬೇರೆಯವರು ಕೆಂಪು ಕಂಡರೆ ಆಸ್ಪತ್ರೆಗೆ ಓಡುತ್ತಾರೆ, ನಾವು ಕಾಣದಿದ್ದರೆ ಗಾಬರಿಯಾಗುತ್ತೇವೆ.

ನಮ್ಮ ಬೀದಿಯಲ್ಲಿ ಯಾರದ್ದೂ ಕೆಂಪಾಗಿಲ್ಲ. ಹಿಂದಿನ ಬೀದಿಯಲ್ಲಿ ಎಲ್ಲರದ್ದೂ ಆಗಿದೆ.

ಶಾಲೆಗೆ ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು ಮೆಲ್ಲಗೆ, "ನಿಂದಾದ್ರೂ ಆಯ್ತಾ?" ಎಂದಳು.

ಆಗಸ್ಟ್ 6, ಬುಧವಾರ

ಹಂಸಿಕಾ ಎರಡು ದಿನದಿಂದ ಶಾಲೆಗೆ ಬಂದಿಲ್ಲ. ಜ್ವರ, ವಾಂತಿ. ಏಳನೇ ಕ್ಲಾಸಿನಲ್ಲಿ ಇನ್ನೂ ಆರೇಳು ಮಕ್ಕಳಿಗೆ ಜ್ವರ ಇದೆ, ಅವರು ಬೇರೆ ಬೇರೆ ಬೀದಿಯವರು. ವೈರಲ್ ಎಂದು ಡಾಕ್ಟರು ಹೇಳಿದ್ದಾರೆ.

ಸಂಜೆ ಅವಳ ತಾಯಿ ಆಶಾರಾಣಿ ಗೇಟಿನ ಹತ್ತಿರ ಬಂದರು. ಒಳಗೆ ಕರೆದೆ, ಬರಲಿಲ್ಲ.

"ಮಿಸ್, ಬೇಜಾರು ಮಾಡ್ಕೋಬೇಡಿ. ಆಂಟಿ ಪಾಯಸಕ್ಕೆ ಎಂಥ ಹಾಕಿದ್ರು?"

"ಮದ್ದುಸೊಪ್ಪು, ಅಕ್ಕಿ, ಬೆಲ್ಲ, ಕಾಯಿಹಾಲು. ಯಾಕೆ?"

"ಮದ್ದುಸೊಪ್ಪು ಆಗಿದ್ರೆ ಕೆಂಪಾಗ್ಬೇಕಿತ್ತಲ್ಲ. ನಾನೂ ಶ್ರೀಮಂಗಲದಲ್ಲಿ ಹುಟ್ಟಿ ಬೆಳೆದವಳೇ. ಪ್ರತಿ ವರ್ಷ ತಿಂದವಳೇ." ಅವರ ಕೈ ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. "ನಿನ್ನೆ ಜ್ವರ ಏರಿ ಮಗು ಕನವರಿಸ್ತು ಮಿಸ್. 'ನೆರಳು ಬಂತು ಮಗಾ, ಕಣ್ ಮುಚ್ಚು, ಹೊರಡು' ಅಂತ. ಮೂರು ನಾಲ್ಕು ಸಲ. ಅದು ನನ್ನ ಮಗಳ ದನಿ ಅಲ್ಲ. ನಿಮ್ಮಮ್ಮನ ದನಿ."

ಅದು ನಾಟಕದ ಮಾತು ಎಂದೆ. "ಗೊತ್ತು" ಎಂದರು. ಗೊತ್ತಿದ್ದವರ ಮುಖ ಹಾಗಿರಲಿಲ್ಲ.

ಒಳಗೆ ತಿರುಗಿದರೆ ಅಮ್ಮ ಹಜಾರದಲ್ಲೇ ನಿಂತಿದ್ದಾಳೆ.

ಆಗಸ್ಟ್ 8, ಶುಕ್ರವಾರ

ತರಕಾರಿ ಅಂಗಡಿಯಲ್ಲಿ ಮಾತು ನಿಂತಿತು, ನಾನು ಹೋದ ತಕ್ಷಣ. ಬೀನ್ಸ್ ಆರಿಸುತ್ತ ನಿಂತವರು ಬೀನ್ಸನ್ನೇ ನೋಡುತ್ತಿದ್ದರು.

ವನಜಮ್ಮ ಬಂದು ಹೇಳಿದರು. ಹೇಳಬಾರದು ಎಂದುಕೊಂಡೇ ಬಂದವರು ಕೂತ ಕೂಡಲೇ ಹೇಳಿದರು. "ಕೈಮದ್ದು ಅಂತಿದ್ದಾರೆ." ತಿನ್ನುವುದರಲ್ಲಿ ಬೆರೆಸಿ ಕೊಡುವ ಮಾಟ. "ನಾನು ಬೈದೆ ಮಾಲತಿ. ಆದ್ರೆ ಅವ್ರು ಎಂಥ ಹೇಳ್ತಾರೆ ಗೊತ್ತಾ? ಮಗಳೇ ಬರೆದಿದ್ದಾಳಲ್ಲ, ಅಮ್ಮ ಪಾಯಸ ಕೊಟ್ಟು ಎಲ್ಲಿಗೋ ಕಳಿಸ್ತಾಳೆ ಅಂತ. ಮನೆಯವಳಿಗೆ ಗೊತ್ತಿಲ್ದೆ ಬರೀತಾಳಾ ಅಂತ."

ನಾನು ಬರೆದಿದ್ದೇನೆ. ಹೌದು.

ಆಗಸ್ಟ್ 10, ಭಾನುವಾರ

ಇವತ್ತು ಗೇಟು ಸದ್ದಾಗಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಬಯಸಿದ್ದ ಭಾನುವಾರ. ಮೂರು ಸಲ ಎದ್ದು ಹೋಗಿ ಗೇಟು ನೋಡಿ ಬಂದೆ.

ಹತ್ತರ ಹೊತ್ತಿಗೆ ಒಬ್ಬರು ಬಂದರು. ಶ್ರೀಮಂಗಲದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅಂತೆ, ಬಸ್ಸಿಗೆ ಬಂದವರು, ಇಲ್ಲಿನ ಸುದ್ದಿ ಗೊತ್ತಿಲ್ಲ. ಎಡ ಪಕ್ಕೆಯ ಮೇಲೆ ಬೊಬ್ಬೆ, ಷರ್ಟು ತಾಗದ ಹಾಗೆ ಕೈಯಲ್ಲಿ ಎತ್ತಿ ಹಿಡಿದಿದ್ದರು. ಅಮ್ಮ ಕೂತಲ್ಲಿಂದ ಏಳಲಿಲ್ಲ. "ಡಾಕ್ಟ್ರತ್ರ ಹೋಗಪ್ಪ. ನನ್ನ ಕೈ ಈಗ ಸರಿಯಿಲ್ಲ" ಎಂದಳು.

ಡಾಕ್ಟರ ಹತ್ತಿರ ಹೋಗಿ! ನಾನೇ ಸಾವಿರ ಸಲ ಹೇಳಿದ ಮಾತು. ಅವರು ಹೋದ ಮೇಲೆ ಅಮ್ಮ ಎರಡೂ ಅಂಗೈಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡಳು, ಮೊನ್ನೆ ಫೋನು ನೋಡಿದ ಹಾಗೆ. "ಕೆಲವ್ರಿಗೆ ವಯಸ್ಸಾದ್ ಮೇಲೆ ಕೈಗುಣ ಹೋಯ್ತದಂತೆ. ನಮ್ಮವ್ವಂಗೆ ಕೊನೇಗಂಟ ಇತ್ತು."

ನಾನು ಛತ್ರಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ಯಾಕೆ ಹೋದೆ, ಅವರು ಸಿಕ್ಕಿದ್ದರೆ ಏನು ಹೇಳುತ್ತಿದ್ದೆ, ಗೊತ್ತಿಲ್ಲ. ಶ್ರೀಮಂಗಲದ ಬಸ್ಸು ಹೋಗಿಯಾಗಿತ್ತು. ಅಲ್ಲಿಂದ ಮನೆಗೆ ಬರುವ ಬದಲು ಕಾಲು ತೋಡಿನ ಕಡೆ ನಡೆಯಿತು.

ನಾನು ಕೊಯ್ದ ಜಾಗ ಹಾಗೇ ಇತ್ತು, ಕತ್ತರಿಸಿದ ಮೋಟು ಸಹಿತ. ಎರಡು ಜಾತಿಯ ಗಿಡ ಒಂದರ ಪಕ್ಕ ಒಂದು. ಒಂದನ್ನು ಉಜ್ಜಿದರೆ ಮದ್ದುಸೊಪ್ಪಿನ ಆ ಪರಿಚಿತ ವಾಸನೆ. ಅದರಲ್ಲಿ ನಾಲ್ಕೈದು ಕಡ್ಡಿ ಮಾತ್ರ ಕತ್ತರಿಸಿದ್ದೆ. ಇನ್ನೊಂದಕ್ಕೆ ವಾಸನೆಯೇ ಇಲ್ಲ. ಅದರ ಇಡೀ ಮೆಳೆ ಬೋಳಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಬರೆಯಲು ಹೊರಟು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೇನೆ.

ಆಗಸ್ಟ್ 11, ಸೋಮವಾರ

ಕಾಲೇಜಿನ ಸಸ್ಯಶಾಸ್ತ್ರದ ಲೆಕ್ಚರರಿಗೆ ಆ ಎಲೆ ತೋರಿಸಿದೆ. ಬೇಲಿಯ ಮಾಮೂಲಿ ಗಿಡ, ದನಗಳೂ ತಿನ್ನುತ್ತವೆ, ವಿಷವಲ್ಲ ಎಂದರು. ಹಂಸಿಕಾಗೆ ಜ್ವರ ಬಿಟ್ಟಿದೆ. ಎರಡೂ ಒಳ್ಳೆಯ ಸುದ್ದಿ. ನನಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಅಂದರೆ ನನ್ನ ಭಯ ಆ ಮಗುವಿನ ಬಗ್ಗೆ ಆಗಿರಲಿಲ್ಲವೇ?

ಟೀಚರು ಬೀದಿಯವರಿಗೆಲ್ಲ ಬೇಲಿ ಸೊಪ್ಪು ತಿನ್ನಿಸಿದಳು. ಗ್ರೂಪಿನಲ್ಲಿ ಇದು ಹೇಗೆ ಓಡುತ್ತದೆ ಎಂದು ನನಗೆ ಗೊತ್ತು. ಅಮ್ಮನ ಮೇಲಿನ ಮಾತು ಪಿಸುಮಾತು, ನನ್ನ ಮೇಲೆ ಬರುವುದು ಲಿಖಿತ ದೂರು.

ಆಗಸ್ಟ್ 12, ಮಂಗಳವಾರ

ಕೀರ್ತಿಕುಮಾರ್ ಸರ್ ಕರೆದರು. "ಮಿಸ್, ಆ ಅಜ್ಜಿ ಸ್ವಲ್ಪ ಸೆನ್ಸಿಟಿವ್ ಆಗ್ತಿದೆ. ಅಜ್ಜಿ ಬದ್ಲು ಒಂದು ರೋಬೋ ಇಟ್ಬಿಡಿ. ಡೈಲಾಗ್ ಅದೇ ಇರ್ಲಿ. ಪಾಯಸ ಬೇಡ, ಎನರ್ಜಿ ಡ್ರಿಂಕ್ ಮಾಡಿ."

ಆಯ್ತು ಸರ್ ಎಂದೆ. ಮಧ್ಯಾಹ್ನ ಕೂತು ರೋಬೋ ಬರೆದೆ. "ನೆರಳು ಬಂತು. ಕಣ್ಣು ಮುಚ್ಚಿ. ಪ್ರಯಾಣ ಆರಂಭ."

ಸಂಜೆ ತಮ್ಮ ಚೇತನ್‌ಕುಮಾರ್‌ಗೆ ಫೋನು ಮಾಡಿದೆ. ಅಮ್ಮನನ್ನು ಸ್ವಲ್ಪ ದಿನ ಕೊಡ್ಲಿಪೇಟೆಗೆ ಕರೆದುಕೊಂಡು ಹೋಗು, ಇಲ್ಲಿ ಮಾತು ತಣ್ಣಗಾಗಲಿ ಎಂದೆ. "ಸ್ವಲ್ಪ ದಿನ ಯಾಕಕ್ಕ, ಇಲ್ಲೇ ಇರ್ಲಿ ಬಿಡು. ಶನಿವಾರ ಕಾರ್ ತತ್ತೀನಿ" ಎಂದ. ಅಮ್ಮನಿಗೆ ಹೇಳಿದರೆ, ವಾದವೇ ಮಾಡಲಿಲ್ಲ. "ನಿಂಗೆ ಸ್ಕೂಲಲ್ಲಿ ತೊಂದ್ರೆ ಆಗ್ಬಾರ್ದು" ಎಂದಳು.

ಅವಳು ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗಸ್ಟ್ 14, ಗುರುವಾರ

ನಾಟಕದ ಕೆಲಸ ಮುಗಿದಿದ್ದರೂ ಆ ಖಗೋಳಜ್ಞನ ಬಗ್ಗೆ ಓದುವುದು ನಿಂತಿಲ್ಲ. ಮುಂದಿನ ಭಾಗ ನನಗೆ ಗೊತ್ತಿರಲಿಲ್ಲ.

ಅವನ ಕನಸಿನ ಬರಹ ಅಚ್ಚಾಗುವ ಮುಂಚೆಯೇ ಕೈಯಿಂದ ಕೈಗೆ ಹೋಯಿತು. ಅವನ ನಿಜವಾದ ತಾಯಿಯೂ ಗಿಡಮೂಲಿಕೆಯ ಮದ್ದು ಕೊಡುವ ಮುದುಕಿ. ಅವಳು ಕೊಟ್ಟದ್ದನ್ನು ಕುಡಿದು ತನಗೆ ಕಾಯಿಲೆ ಬಂತು ಎಂದು ಊರಿನ ಒಬ್ಬಳು ಹೇಳಿದಳು. ಮಾಟಗಾತಿ ಎಂದು ಮೊಕದ್ದಮೆ ನಡೆಯಿತು. ಒಂದು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿಟ್ಟರು, ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಹೆದರಿಸಿದರು. ಆಕೆ ಒಪ್ಪಿಕೊಳ್ಳಲಿಲ್ಲ. ತನ್ನ ಬರಹವೇ ಆ ಮಾತಿಗೆ ಎಣ್ಣೆ ಹೊಯ್ದಿತು ಎಂದು ಮಗ ನಂಬಿದ್ದ. ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಒಪ್ಪದಿದ್ದರೇನು, ಅವನ ನಿದ್ದೆ ಹೋಗಿರಬೇಕು.

ಕನಸಿನ ಆ ಕಥೆಗೆ ಅವನು ಆಮೇಲೆ ಇನ್ನೂರಕ್ಕೂ ಹೆಚ್ಚು ಟಿಪ್ಪಣಿ ಬರೆದ. ಇದರ ಅರ್ಥ ಇದು, ಅದರ ಅರ್ಥ ಅದು. ತರಕಾರಿ ಅಂಗಡಿಯಲ್ಲಿ ಯಾರು ಟಿಪ್ಪಣಿ ಓದುತ್ತಾರೆ? ತಾಯಿಯನ್ನು ಬಿಡಿಸಿದ್ದು ಟಿಪ್ಪಣಿಯಲ್ಲ. ಕೆಲಸ ಬಿಟ್ಟು ಅಷ್ಟು ದೂರ ಬಂದು, ಅವಳ ಪರವಾಗಿ ನಿಂತು ವಾದ ಬರೆದನಲ್ಲ, ಅದು.

ಇನ್ನೊಂದು ಸಂಗತಿ ಓದಿದ ಮೇಲೆ ಪುಸ್ತಕ ಮುಚ್ಚಿದೆ. ಮೊದಲು ಅವನೂ ತಾಯಿಯನ್ನು ಊರಿಂದ ಕರೆಸಿ ತನ್ನ ಮನೆಯಲ್ಲಿಟ್ಟುಕೊಂಡಿದ್ದ. ಮಾತು ತಣ್ಣಗಾಗಲಿ ಎಂದೇ ಇರಬೇಕು. ಊರವರು ಹೇಳಿದ್ದು: ತಪ್ಪಿಲ್ಲದಿದ್ದರೆ ಓಡಿಹೋದದ್ದೇಕೆ?

ರೋಬೋ ಇದ್ದ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಅದೇನೂ ಧೈರ್ಯವಲ್ಲ. ಚೇತನ್‌ಗೆ ಬರಬೇಡ ಎಂದು ಫೋನು ಮಾಡಲು ಇನ್ನೂ ಆಗಿಲ್ಲ.

ಆಗಸ್ಟ್ 16, ಶನಿವಾರ

ಎಲ್ಲವನ್ನೂ ನಡೆದ ಹಾಗೇ ಬರೆಯಲು ಪ್ರಯತ್ನಿಸುತ್ತೇನೆ.

ಚೇತನ್ ಹತ್ತು ಗಂಟೆಗೆ ಬಂದ. ಬಂದವನೇ, "ನಡಿ ಅವ್ವ, ನಮ್ಮೂರಲ್ಲಿ ಯಾರದ್ದು ಕೆಂಪಾಯ್ತು ಅಂತ ಯಾರೂ ಕೇಳಕಿಲ್ಲ" ಎಂದು ನಗಿಸಲು ನೋಡಿದ. ಅಮ್ಮ ನಗಲಿಲ್ಲ. ಬ್ಯಾಗು ಡಿಕ್ಕಿಗೆ ಹೋಯಿತು. ಮೂಲೆಯಲ್ಲಿದ್ದ ಅರೆಯುವ ಕಲ್ಲನ್ನು ಅವನು ಎತ್ತಲು ಬಗ್ಗಿದಾಗ ಅಮ್ಮ, "ಅದು ಇಲ್ಲೇ ಇರ್ಲಿ ಬುಡು. ಇನ್ನೇನು ಅದ್ರಲ್ಲಿ" ಎಂದಳು.

ನಾನು ಹೇಳಿಬಿಟ್ಟೆ. ತಯಾರು ಮಾಡಿಕೊಂಡಿದ್ದ ವಾಕ್ಯಗಳು ಯಾವುವೂ ಬರಲಿಲ್ಲ. "ಅಮ್ಮ, ಸೊಪ್ಪು ತಪ್ಪು. ನಾನು ಬೇರೆ ಗಿಡ ಕೊಯ್ದು ತಂದಿದ್ದೆ. ಮದ್ದುಸೊಪ್ಪು ನಾಲ್ಕೇ ಕಡ್ಡಿ ಇತ್ತು. ನಿನ್ನ ಕೈಗೆ ಏನೂ ಆಗಿಲ್ಲ."

ಅಮ್ಮ ಕೇಳಿದಳು, "ಯಾವಾಗ ಗೊತ್ತಾಯ್ತು?"

"ಭಾನುವಾರ."

"ಭಾನ್ವಾರ! ವಾರ ಆಯ್ತು ಕಣೆ!" ಅಮ್ಮನ ದನಿ ಬೀದಿಗೆ ಕೇಳುವಷ್ಟು ಏರಿತು. "ಒಂದ್ ವಾರ ಈ ಎರಡು ಕೈ ನೋಡ್ಕಂಡು ಕೂತಿದೀನಿ. ನಿನ್ನ ಎತ್ತಿ ಆಡ್ಸಿದ್ದೂ ಇವೇ ಕೈಲಿ, ಅದ್ರಲ್ಲೂ ಏನಾದ್ರೂ ಕೆಡುಕಾಯ್ತೇನೋ ಅನ್ನೋವರ್ಗೂ ಹೋಗಿತ್ತು ನನ್ನ ಬುದ್ಧಿ. ಬಾಯಲ್ಲಿ ಏನ್ ಇಟ್ಕಂಡಿದ್ದೆ? ಫೋಟೋ ಇದೆಯಂತೆ, ಫೋಟೋ! ಎಲೆ ಮೂಸೋಕೆ ಮೂಗಿರ್ಲಿಲ್ವಾ?"

ಚೇತನ್ ಮುಖ ಆಚೆ ತಿರುಗಿಸಿದ. "ನೀನ್ಯಾಕ್ಲಾ ಹಲ್ ಕಿರಿತೀಯ?" ಎಂದು ಅವನಿಗೂ ಬಿತ್ತು. ಆಟಿ ಹದಿನೆಂಟರಿಂದ ಈಚೆಗೆ ಅಮ್ಮನ ಬಾಯಲ್ಲಿ ಇಷ್ಟು ಮಾತು ಕೇಳಿರಲಿಲ್ಲ. ಬೈಗುಳ ತಿನ್ನುತ್ತ ನಿಂತಿದ್ದರೂ ನನಗೆ ಉಸಿರಾಟ ಸಲೀಸಾಗಿತ್ತು.

"ಬಾ, ಎಲ್ಲರಿಗೂ ಹೇಳೋಣ" ಎಂದೆ.

"ನೀನ್ ಹೋಗಿ ಹೇಳು. ನಾನ್ಯಾಕೆ?"

"ನೀನಿಲ್ಲದೆ ಹೇಳಿದರೆ ಅದೂ ಬೆನ್ನ ಹಿಂದಿನ ಮಾತೇ ಆಗುತ್ತೆ."

ಅಮ್ಮ ಸೆರಗು ಸರಿ ಮಾಡಿಕೊಂಡಳು. "ಬ್ಯಾಗ್ ಇಳಿಸ್ಲಾ ಬೇಡ್ವಾ?" ಎಂದ ಚೇತನ್. "ನಿಂತಿರು. ಬಂದು ಹೇಳ್ತೀನಿ" ಎಂದಳು ಅಮ್ಮ.

ಮೊದಲು ವನಜಮ್ಮ. ಕೇಳಿದವರೇ ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ, ಟೀಚರಮ್ಮ ನಮಗೆಲ್ಲ ಹುಲ್ಲು ತಿನ್ಸಿದ್ದಾ! ನಾನು ಕೇಳಿ ಹಾಕಿಸ್ಕೊಂಡಿದ್ದೆ ಮಾರಾಯ್ತಿ!" ಆಮೇಲೆ ಅಮ್ಮನ ಕೈ ಹಿಡಿದುಕೊಂಡರು, ತಾವೂ ಜೊತೆಗೆ ಬರುತ್ತೇನೆಂದು ಚಪ್ಪಲಿ ಮೆಟ್ಟಿದರು. ಬೇಡ ಎಂದೆ. ಗುಂಪು ಕಟ್ಟಿಕೊಂಡು ಹೋದರೆ ಜಗಳಕ್ಕೆ ಹೋದ ಹಾಗೆ.

ಆಶಾರಾಣಿ ಬಾಗಿಲನ್ನು ಅರ್ಧ ತೆರೆದರು. ಅಮ್ಮನನ್ನು ಕಂಡು ಅವರ ಕೈ ಚಿಲಕದ ಮೇಲೇ ಉಳಿಯಿತು. ನಾನು ಮೆಟ್ಟಿಲ ಕೆಳಗೆ ಮಳೆಯಲ್ಲೇ ನಿಂತು ಹೇಳಿದೆ. ತಪ್ಪು ಸೊಪ್ಪು ತಂದವಳು ನಾನು. ಕಾಲೇಜಿನಲ್ಲಿ ತೋರಿಸಿದ್ದೇನೆ, ವಿಷವಲ್ಲ. ಬೇಕಾದರೆ ಎಲೆ ಕೊಡುತ್ತೇನೆ, ನೀವೇ ಯಾರಿಗಾದರೂ ತೋರಿಸಿ. ಸೋಮವಾರ ಪ್ರಿನ್ಸಿಪಾಲರಿಗೂ ಹೇಳುತ್ತೇನೆ, ಗ್ರೂಪಿಗೂ ಹಾಕುತ್ತೇನೆ.

"ಆ ಮಾತು?" ಎಂದರು ಆಶಾರಾಣಿ. "ಜ್ವರದಲ್ಲಿ ಅವಳು ಆಡಿದ್ದು?"

"ಅದನ್ನು ಬರೆದವಳೂ ನಾನೇ. ಅಮ್ಮನ ಮಾತು, ಅಮ್ಮನ ದನಿ. ಅಮ್ಮನ್ನ ಒಂದು ಮಾತು ಕೇಳದೆ ತಗೊಂಡೆ. ನಿಮ್ಮ ಮಗಳು ಅದನ್ನ ನನಗಿಂತ ಚೆನ್ನಾಗಿ ಕಲಿತಳು, ಅಷ್ಟೇ."

ಒಳಗಿನಿಂದ ಹಂಸಿಕಾ, "ನಾನು ಹೇಳಿದೆ ಅಲ್ವಾ ಮಮ್ಮಿ, ಪ್ರಾಕ್ಟೀಸ್ ಅಂತ!" ಎಂದು ಕೂಗಿದಳು. "ನೀನು ಸುಮ್ನಿರು" ಎಂದರು ಆಶಾರಾಣಿ, ತಿರುಗಿಯೂ ನೋಡದೆ. ಅವರು ನೋಡುತ್ತಿದ್ದದ್ದು ಅಮ್ಮನನ್ನು. ಅಮ್ಮ ಊದಿದ ಮಂಡಿಯ ಭಾರವನ್ನು ಇನ್ನೊಂದು ಕಾಲಿಗೆ ಹಾಕಿ, ಗೋಡೆ ಹಿಡಿದು ನಿಂತಿದ್ದಳು. ಮಳೆ ಅವಳ ಛತ್ರಿಯಿಂದ ನನ್ನ ಭುಜಕ್ಕೆ ಇಳಿಯುತ್ತಿತ್ತು.

ಬಾಗಿಲು ಪೂರ್ತಿ ತೆರೆಯಿತು. "ಬನ್ನಿ ಆಂಟಿ. ಕೂತ್ಕೊಳ್ಳಿ."

ಅಮ್ಮ ಕೂತಳು. ನಾನು ನಿಂತೇ ಇದ್ದೆ. ಅಡುಗೆಮನೆಯಲ್ಲಿ ಸ್ಟವ್ ಹತ್ತಿದ ಸದ್ದು, ಹಾಲಿನ ಪಾತ್ರೆಯ ಸದ್ದು. ಹಂಸಿಕಾ ಪರದೆಯ ಹಿಂದಿನಿಂದ ಅಮ್ಮನನ್ನು ಇಣುಕಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆಶಾರಾಣಿ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಸಕ್ಕರೆ ಡಬ್ಬಿ.

"ಆಂಟಿ, ನಿಮ್ಗೆ ಕಾಫಿಗೆ ಸಕ್ಕರೆ ಹಾಕ್ಬಹುದಾ?"

"ಹಾಕವ್ವ" ಎಂದಳು ಅಮ್ಮ. "ನಿನ್ನ ಕೈಲಿ ಏನ್ ಹಾಕ್ ಕೊಟ್ರೂ ಕುಡಿತೀನಿ."

ಆಶಾರಾಣಿ ಒಳಗೆ ಹೋದರು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕೊನೆಗೆ ಲೋಟದಲ್ಲಿ ಚಮಚ ತಿರುಗುವ ಸದ್ದು ಬಂತು.